ಡೋಪಮೈನ್ ಅಗೊನಿಸ್ಟ್ ಔಷಧಗಳ ಪ್ರಯೋಗಾಲಯ ಸಂಶೋಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಒಂದು ಫಾರ್ಮಸಿ ಕಾಲೇಜಿನಲ್ಲಿ ನಾನು ಔಷಧಶಾಸ್ತ್ರ ಕಲಿಸುತ್ತೇನೆ. ಡೋಪಮೈನ್ ಔಷಧಗಳ ಬಗ್ಗೆ ನನಗೆ ಪ್ರಶ್ನೆಗಳು ಎರಡು ಕಡೆಯಿಂದ ಬರುತ್ತವೆ. ಒಂದು ಕಡೆ, ಪ್ರಾಜೆಕ್ಟ್ ಆರಿಸಿಕೊಳ್ಳುವ ಎಂ.ಫಾರ್ಮ್ ವಿದ್ಯಾರ್ಥಿಗಳು. ಇನ್ನೊಂದು ಕಡೆ, ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಮನೆಗಳವರು. ಅಲ್ಲಿ ತಂದೆಯೋ ಅಜ್ಜಿಯೋ ಪಾರ್ಕಿನ್ಸನ್ ಕಾಯಿಲೆಗೆ ದಿನವೂ ಮಾತ್ರೆ ನುಂಗುತ್ತಿರುತ್ತಾರೆ, ಚೀಟಿಯ ಮೇಲೆ ಪ್ರಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಎಂದು ಬರೆದಿರುತ್ತದೆ. ಎರಡೂ ಡೋಪಮೈನ್ ಅಗೊನಿಸ್ಟ್‌ಗಳೇ. ಇಬ್ಬರಿಗೂ ಒಂದೇ ಪುಟದಲ್ಲಿ ಉತ್ತರಿಸಲು ಕಾರಣವಿದೆ. ‘ಇದು ಒಂದೇ ಗ್ರಾಹಕದ ಮೇಲೆ ಕೆಲಸ ಮಾಡುವ ಆಯ್ಕೆಯುಳ್ಳ ಔಷಧ’ ಎಂಬ ಮಾತನ್ನು ಇಬ್ಬರೂ ಅಕ್ಷರಶಃ ನಂಬುತ್ತಾರೆ, ಮತ್ತು ಇಬ್ಬರಿಗೂ ಆ ನಂಬಿಕೆಯಿಂದ ತೊಂದರೆಯಾಗುತ್ತದೆ.

ಅಗೊನಿಸ್ಟ್ ಎಂದರೇನು? ಲೆವೊಡೋಪಾಗಿಂತ ಅದು ಹೇಗೆ ಬೇರೆ?

ಡೋಪಮೈನ್ ಎಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ವಸ್ತು. ನರಕೋಶದ ಹೊರಮೈಯಲ್ಲಿ ಅದು ಬಂದು ಕೂರುವ ಪ್ರೋಟೀನಿಗೆ ಗ್ರಾಹಕ ಎನ್ನುತ್ತಾರೆ. ಅಂಗಡಿಯ ಗ್ರಾಹಕನಿಗೂ ಇದಕ್ಕೂ ಸಂಬಂಧವಿಲ್ಲ. ಗ್ರಹಿಸುವುದು ಎಂಬ ಮೂಲ ಅರ್ಥದಲ್ಲಿ ಪಠ್ಯಗಳು ಈ ಪದವನ್ನು ಬಳಸುತ್ತವೆ. ಡೋಪಮೈನ್ ಅಲ್ಲದಿದ್ದರೂ ಅದರ ಜಾಗದಲ್ಲಿ ಕೂತು, ಅದು ಮಾಡುವ ಕೆಲಸವನ್ನೇ ಮಾಡಿಸುವ ವಸ್ತು ಅಗೊನಿಸ್ಟ್. ಜಾಗ ಹಿಡಿದು ಕೂತು ಕೆಲಸ ನಡೆಯದಂತೆ ತಡೆಯುವುದು ಆಂಟಾಗೊನಿಸ್ಟ್, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಅಂಥದ್ದು. ಪಾರ್ಕಿನ್ಸನ್‌ಗೆ ಕೊಡುವ ಇನ್ನೊಂದು ಔಷಧವಾದ ಲೆವೊಡೋಪಾ ಈ ಎರಡರಲ್ಲಿ ಯಾವುದೂ ಅಲ್ಲ. ಅದು ಕಚ್ಚಾವಸ್ತು, ಮಿದುಳಿಗೆ ಹೋಗಿ ಅಲ್ಲಿನ ಕಿಣ್ವದಿಂದ ಡೋಪಮೈನ್ ಆಗಿ ಬದಲಾದ ಮೇಲಷ್ಟೇ ಅದರ ಕೆಲಸ ಶುರುವಾಗುತ್ತದೆ.

1950ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ಮಿದುಳಿನ ಡೋಪಮೈನ್ ಖಾಲಿ ಮಾಡುವ ರಿಸರ್ಪಿನ್ ಕೊಟ್ಟು ಅವುಗಳ ಚಲನೆ ನಿಲ್ಲಿಸಿ, ಬಳಿಕ ಡೋಪಾ ಕೊಟ್ಟು ಅವು ಮತ್ತೆ ಓಡಾಡುವಂತೆ ಮಾಡಿದ ಪ್ರಯೋಗದಿಂದ ಈ ಇಡೀ ಅಧ್ಯಯನ ಆರಂಭವಾಯಿತು. 2000ದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಆ ರಿಸರ್ಪಿನ್ ಬಂದದ್ದು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ ಎಂಬುದನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತೇನೆ.

ಡೋಪಮೈನ್ ಗ್ರಾಹಕಗಳು ಎಷ್ಟು ಬಗೆ?

ಐದು. 1979ರಲ್ಲಿ ಕೆಬಾಬಿಯನ್ ಮತ್ತು ಕಾಲ್ನ್ ಅವುಗಳನ್ನು ಡಿ1, ಡಿ2 ಎಂದು ಎರಡಾಗಿ ವಿಂಗಡಿಸಿದರು. 1988ರಿಂದ 1991ರ ನಡುವೆ ಜೀನುಗಳನ್ನು ಬೇರ್ಪಡಿಸಿ ಓದಿದಾಗ ಐದು ಗ್ರಾಹಕಗಳಿರುವುದು ತಿಳಿಯಿತು. ಡಿ1 ಮತ್ತು ಡಿ5 ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಹೆಚ್ಚಿಸುತ್ತವೆ. ಡಿ2, ಡಿ3, ಡಿ4 ಅದನ್ನು ತಗ್ಗಿಸುತ್ತವೆ. ಡಿ2 ಮತ್ತು ಡಿ3 ಹತ್ತಿರದ ದಾಯಾದಿಗಳಂತೆ. ಔಷಧ ಕೂರುವ ಗುಳಿಯ ರಚನೆಯಲ್ಲಿ ಎರಡರ ನಡುವೆ ವ್ಯತ್ಯಾಸ ಬಹಳ ಕಡಿಮೆ. ಒಂದನ್ನು ಮುಟ್ಟಿ ಇನ್ನೊಂದನ್ನು ಮುಟ್ಟದ ಅಗೊನಿಸ್ಟ್ ತಯಾರಿಸುವುದು ಇಷ್ಟು ಕಷ್ಟವಾಗಿರುವುದಕ್ಕೆ ಮುಖ್ಯ ಕಾರಣ ಇದೇ.

‘ಆಯ್ಕೆಯುಳ್ಳ’ ಔಷಧ ಎಂದರೆ ಅದು ಬೇರೆ ಗ್ರಾಹಕಗಳನ್ನು ಮುಟ್ಟುವುದೇ ಇಲ್ಲವೇ?

ಮುಟ್ಟುತ್ತದೆ. ಆಯ್ಕೆ ಎಂಬುದು ಔಷಧಕ್ಕೆ ಅಂಟಿದ ಗುಣವಲ್ಲ, ಎರಡು ಒಲವುಗಳ ನಡುವಿನ ಅನುಪಾತ. ಒಲವು ಎಂದರೆ ಔಷಧ ಒಂದು ಗ್ರಾಹಕಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂಬುದು. ಆ ಅನುಪಾತಕ್ಕೆ ಅರ್ಥ ಬರುವುದು ಔಷಧದ ಪ್ರಮಾಣ ಎಷ್ಟಿದೆ ಎಂದು ತಿಳಿದ ಮೇಲೆ ಮಾತ್ರ.

ಇದನ್ನು ಕರಿಹಲಗೆಯ ಮೇಲೆ ಹೀಗೆ ಮಾಡಿ ತೋರಿಸುತ್ತೇನೆ. ಒಂದು ಕಾಲ್ಪನಿಕ ಔಷಧಕ್ಕೆ ಡಿ3 ಮೇಲಿನ ಒಲವು ಡಿ2 ಮೇಲಿನದಕ್ಕಿಂತ ಹತ್ತು ಪಟ್ಟು ಹೆಚ್ಚು ಎಂದುಕೊಳ್ಳಿ. ಅಂದರೆ ಡಿ3 ಗ್ರಾಹಕಗಳಲ್ಲಿ ಅರ್ಧ ತುಂಬಲು 1 ಮಾನದಷ್ಟು ಸಾಂದ್ರತೆ ಸಾಕು, ಡಿ2 ಅರ್ಧ ತುಂಬಲು 10 ಮಾನ ಬೇಕು. ಸಾಂದ್ರತೆ 1 ಇದ್ದಾಗ ಡಿ3ಯಲ್ಲಿ ನೂರಕ್ಕೆ 50 ತುಂಬಿರುತ್ತವೆ, ಡಿ2ರಲ್ಲಿ ಸುಮಾರು 9. ಇಲ್ಲಿ ಆಯ್ಕೆ ನಿಜವಾಗಿಯೂ ಇದೆ. ಸಾಂದ್ರತೆಯನ್ನು 10ಕ್ಕೆ ಏರಿಸಿದರೆ ಡಿ3ಯಲ್ಲಿ 91, ಡಿ2ರಲ್ಲಿ 50. 100ಕ್ಕೆ ಏರಿಸಿದರೆ ಡಿ3ಯಲ್ಲಿ 99, ಡಿ2ರಲ್ಲಿ 91. ಔಷಧ ಅದೇ, ಅನುಪಾತವೂ ಅದೇ ಹತ್ತು ಪಟ್ಟು. ಆದರೆ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಆಯ್ಕೆ ಎನ್ನಲು ಏನೂ ಉಳಿದಿಲ್ಲ. ‘ನಾವು ಡಿ3 ಅಗೊನಿಸ್ಟ್ ಕೊಟ್ಟೆವು, ಆದ್ದರಿಂದ ಕಂಡ ಪರಿಣಾಮ ಡಿ3ಯದು’ ಎಂದು ಪ್ರಬಂಧದಲ್ಲಿ ಬರೆಯುವ ವಿದ್ಯಾರ್ಥಿ ತಾನು ಯಾವ ಸಾಲಿನಲ್ಲಿ ನಿಂತಿದ್ದೇನೆ ಎಂಬುದನ್ನು ಮೊದಲು ತೋರಿಸಬೇಕು. ತೋರಿಸದಿದ್ದರೆ ಆ ವಾಕ್ಯವನ್ನು ನಾನು ಒಪ್ಪುವುದಿಲ್ಲ.

ಪ್ರಮಿಪೆಕ್ಸೋಲ್ ಡಿ1, ಡಿ5ಗಳನ್ನು ಲೆಕ್ಕಕ್ಕೆ ಬರುವಷ್ಟು ಮುಟ್ಟುವುದಿಲ್ಲ. ಡಿ2 ಕುಟುಂಬದ ಒಳಗೆ ಅದಕ್ಕೆ ಡಿ3 ಮೇಲೆ ಹೆಚ್ಚಿನ ಒಲವಿದೆ. ಹಾಗೆಂದು ಅದನ್ನು ಡಿ3 ಔಷಧ ಎನ್ನುವುದು ತಪ್ಪು. ಡಿ3ಗೆ ಒಲಿದ ಡಿ2 ಕುಟುಂಬದ ಅಗೊನಿಸ್ಟ್ ಎನ್ನುವುದು ಸರಿ.

ಈ ಒಲವನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಹೇಗೆ?

ಎರಡು ಹಂತಗಳಿವೆ. ಮೊದಲನೆಯದು ಅಂಟುವಿಕೆಯ ಪರೀಕ್ಷೆ. ಮಾನವ ಗ್ರಾಹಕದ ಜೀನನ್ನು ಒಂದು ಕೋಶ ಸಂತತಿಗೆ ಸೇರಿಸಿ, ಆ ಕೋಶಗಳ ಪೊರೆಯನ್ನು ಬೇರ್ಪಡಿಸಿ, ವಿಕಿರಣಶೀಲ ಗುರುತು ಹಾಕಿದ ಪರಿಚಿತ ವಸ್ತುವೊಂದನ್ನು, ಉದಾಹರಣೆಗೆ ಟ್ರಿಟಿಯಂ ಸೇರಿಸಿದ ಸ್ಪಿಪೆರೋನ್ ಅನ್ನು, ಅದರ ಮೇಲೆ ಕೂರಿಸುತ್ತಾರೆ. ನಂತರ ಪರೀಕ್ಷಿಸಬೇಕಾದ ಔಷಧವನ್ನು ಹೆಚ್ಚುತ್ತಾ ಹೋಗುವ ಪ್ರಮಾಣಗಳಲ್ಲಿ ಸೇರಿಸಿ, ಗುರುತು ಹಾಕಿದ ವಸ್ತು ಎಷ್ಟು ಜಾಗ ಬಿಟ್ಟುಕೊಟ್ಟಿತು ಎಂದು ಎಣಿಸುತ್ತಾರೆ. ಅರ್ಧ ಜಾಗ ಬಿಡಿಸಿದ ಸಾಂದ್ರತೆಯಿಂದ ಒಲವಿನ ಸಂಖ್ಯೆಯನ್ನು ಲೆಕ್ಕ ಹಾಕುವ ಸೂತ್ರವನ್ನು ಚೆಂಗ್ ಮತ್ತು ಪ್ರುಸಾಫ್ 1973ರಲ್ಲಿ ಕೊಟ್ಟರು.

ಆದರೆ ಕೂರುವುದು ಬೇರೆ, ಕೆಲಸ ಮಾಡಿಸುವುದು ಬೇರೆ. ಆದ್ದರಿಂದ ಎರಡನೆಯ ಹಂತದಲ್ಲಿ ಜೀವಂತ ಕೋಶಗಳನ್ನು ಬಳಸುತ್ತಾರೆ. ಡಿ2 ಅಗೊನಿಸ್ಟ್ ಆದರೆ, ಮೊದಲು ಫೋರ್ಸ್ಕೋಲಿನ್ ಎಂಬ ವಸ್ತುವಿನಿಂದ ಸೈಕ್ಲಿಕ್ ಎಎಂಪಿಯನ್ನು ಏರಿಸಿ, ಔಷಧ ಅದನ್ನು ಎಷ್ಟು ಇಳಿಸುತ್ತದೆ ಎಂದು ನೋಡುತ್ತಾರೆ. ಇಲ್ಲಿ ಎರಡು ಸಂಖ್ಯೆಗಳು ಸಿಗುತ್ತವೆ: ಅರ್ಧ ಪರಿಣಾಮಕ್ಕೆ ಎಷ್ಟು ಔಷಧ ಬೇಕು, ಮತ್ತು ಎಷ್ಟೇ ಕೊಟ್ಟರೂ ಗರಿಷ್ಠ ಪರಿಣಾಮ ಎಷ್ಟು. ಗರಿಷ್ಠವು ಡೋಪಮೈನ್ ತಲುಪುವ ಮಟ್ಟಕ್ಕಿಂತ ಕೆಳಗೇ ನಿಂತರೆ ಅದು ಭಾಗಶಃ ಅಗೊನಿಸ್ಟ್. ಮನೋರೋಗ ಚಿಕಿತ್ಸೆಯಲ್ಲಿ ಬಳಸುವ ಅರಿಪಿಪ್ರಜೋಲ್ ಡಿ2 ಮೇಲೆ ಹಾಗೆ ವರ್ತಿಸುತ್ತದೆ.

ಒಂದೇ ಔಷಧಕ್ಕೆ ಬೇರೆ ಬೇರೆ ಪ್ರಬಂಧಗಳಲ್ಲಿ ಬೇರೆ ಬೇರೆ ಸಂಖ್ಯೆಗಳು ಏಕೆ?

ಡಿ2 ಗ್ರಾಹಕವು ಸಂದೇಶವನ್ನು ಕೋಶದೊಳಗೆ ದಾಟಿಸುವ ಜಿ-ಪ್ರೋಟೀನಿನ ಜೊತೆ ಜೋಡಿಯಾಗಿದ್ದಾಗ ಅಗೊನಿಸ್ಟನ್ನು ಬಿಗಿಯಾಗಿ ಹಿಡಿಯುತ್ತದೆ, ಒಂಟಿಯಾಗಿದ್ದಾಗ ಸಡಿಲವಾಗಿ ಹಿಡಿಯುತ್ತದೆ. ವಿಕಿರಣಶೀಲ ಗುರುತು ಹಾಕಿದ ಆಂಟಾಗೊನಿಸ್ಟ್ ಬಳಸಿದ ಪ್ರಯೋಗ ಎರಡೂ ಸ್ಥಿತಿಗಳನ್ನು ಒಟ್ಟಿಗೆ ಎಣಿಸುತ್ತದೆ. ಗುರುತು ಹಾಕಿದ ಅಗೊನಿಸ್ಟ್ ಬಳಸಿದ್ದು ಬಿಗಿಯಾದ ಸ್ಥಿತಿಯನ್ನೇ ಹೆಚ್ಚಾಗಿ ಎಣಿಸುತ್ತದೆ. ಡಿ3 ಮಾತ್ರ ಎರಡೂ ಬಗೆಯಲ್ಲಿ ಹೆಚ್ಚುಕಡಿಮೆ ಬಿಗಿಯಾಗಿಯೇ ಕಾಣುತ್ತದೆ. ಹೀಗಾಗಿ ಮೊದಲ ವಿಧಾನದಲ್ಲಿ ಡಿ3 ಪರವಾದ ಅನುಪಾತ ದೊಡ್ಡದಾಗಿ ಕಾಣುತ್ತದೆ, ಎರಡನೆಯದರಲ್ಲಿ ಕುಗ್ಗುತ್ತದೆ. ಪ್ರಯೋಗದ ದ್ರಾವಣದಲ್ಲಿ ಎಷ್ಟು ಸೋಡಿಯಂ ಇದೆ, ಯಾವ ಕೋಶ, ಎಷ್ಟು ಗ್ರಾಹಕ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎರಡು ಪ್ರಬಂಧಗಳಿಂದ ಒಂದೊಂದು ಸಂಖ್ಯೆ ತೆಗೆದು ಭಾಗಿಸಿ ‘ಆಯ್ಕೆ ಇಷ್ಟು ಪಟ್ಟು’ ಎಂದು ಬರೆಯಬೇಡಿ. ಎರಡೂ ಸಂಖ್ಯೆಗಳು ಒಂದೇ ಕೈಯಿಂದ, ಒಂದೇ ವಿಧಾನದಿಂದ ಬಂದಿರಬೇಕು.

ಇಲಿ ಎಷ್ಟು ಸಲ ಆಕಳಿಸಿತು ಎಂದು ಎಣಿಸುವ ಪ್ರಯೋಗ ನಿಜವೇ? ಅದರಿಂದ ಏನು ತಿಳಿಯುತ್ತದೆ?

ನಿಜ, ಮತ್ತು ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಅದು. ದೊಡ್ಡ ಯಂತ್ರವಿಲ್ಲದೆ, ಕಣ್ಣು ಮತ್ತು ಗಡಿಯಾರದಿಂದಲೇ, ಮೇಲೆ ಹೇಳಿದ ಕರಿಹಲಗೆಯ ಲೆಕ್ಕವನ್ನು ಜೀವಂತ ಪ್ರಾಣಿಯಲ್ಲಿ ನೋಡಬಹುದು.

ಇಲಿಗೆ ಪ್ರಮಿಪೆಕ್ಸೋಲ್ ಅಥವಾ ಕ್ವಿನ್‌ಪಿರೋಲ್‌ನಂಥ ಔಷಧವನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಅದು ಆಕಳಿಸತೊಡಗುತ್ತದೆ. ಪ್ರಮಾಣ ಏರಿಸಿದಂತೆ ಆಕಳಿಕೆಯೂ ಏರುತ್ತದೆ. ಒಂದು ಮಟ್ಟ ದಾಟಿದ ಮೇಲೆ, ಔಷಧ ಹೆಚ್ಚಿದಂತೆ ಆಕಳಿಕೆ ಇಳಿಯುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ನಕ್ಷೆಯಲ್ಲಿ ಬರೆದರೆ ಅದು ನಮ್ಮ ಮುಳ್ಳಯ್ಯನಗಿರಿಯ ಹಾಗೆ ಏರಿ ಇಳಿಯುತ್ತದೆ. 2005ರಲ್ಲಿ ಪ್ರಕಟವಾದ ಕಾಲಿನ್ಸ್ ಮತ್ತು ಸಂಗಡಿಗರ ಕೆಲಸ ಈ ಏರಿಳಿತವನ್ನು ಬಿಡಿಸಿ ತೋರಿಸಿತು. ಡಿ3ಯನ್ನು ಹೆಚ್ಚಾಗಿ ತಡೆಯುವ ಆಂಟಾಗೊನಿಸ್ಟ್ ಮೊದಲೇ ಕೊಟ್ಟಾಗ ಏರುವ ಬದಿ ಮಾತ್ರ ಬಲಕ್ಕೆ ಸರಿಯಿತು, ಅಂದರೆ ಅಷ್ಟೇ ಆಕಳಿಕೆಗೆ ಹೆಚ್ಚು ಔಷಧ ಬೇಕಾಯಿತು. ಡಿ2ವನ್ನು ಹೆಚ್ಚಾಗಿ ತಡೆಯುವುದನ್ನು ಕೊಟ್ಟಾಗ ಇಳಿಯುವ ಬದಿ ಸರಿಯಿತು. ಅಂದರೆ ಆಕಳಿಕೆಯನ್ನು ಹುಟ್ಟಿಸುವುದು ಡಿ3, ಅದನ್ನು ಅಡಗಿಸುವುದು ಡಿ2. ಔಷಧ ಡಿ3ಯನ್ನು ದಾಟಿ ಡಿ2ಗೆ ಕಾಲಿಟ್ಟ ಜಾಗವೇ ಆ ಶಿಖರ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಅಪಾಯವಿದೆ. ಯಾರಾದರೂ ಒಂದೇ ಪ್ರಮಾಣದಲ್ಲಿ ಈ ಪ್ರಯೋಗ ಮಾಡಿದ್ದರೆ, ಮತ್ತು ಆ ಪ್ರಮಾಣ ಇಳಿಜಾರಿನ ಕೊನೆಯಲ್ಲಿ ಬಿದ್ದಿದ್ದರೆ, ‘ಈ ಔಷಧದಿಂದ ಆಕಳಿಕೆ ಬರುವುದಿಲ್ಲ’ ಎಂದು ನಿರ್ಧರಿಸಿಬಿಡುತ್ತಿದ್ದರು. ಓದುತ್ತಿದ್ದ ದಿನಗಳಲ್ಲಿ ನಾನೂ ಬೇರೊಂದು ಔಷಧದೊಡನೆ ಇಂಥ ಏಕ ಪ್ರಮಾಣದ ಪ್ರಯೋಗ ಮಾಡಿ ಪರಿಣಾಮವಿಲ್ಲ ಎಂದು ಬರೆದಿದ್ದೆ. ಅದಕ್ಕೇ ಈಗ ನನ್ನ ವಿದ್ಯಾರ್ಥಿಗಳಿಂದ ಕನಿಷ್ಠ ನಾಲ್ಕು ಪ್ರಮಾಣಗಳನ್ನು ಕೇಳುತ್ತೇನೆ. ಇಲಿಗಳಿಗೆ ಮೇವು ಎಷ್ಟು ಸಿಗುತ್ತಿತ್ತು ಎಂಬುದನ್ನೂ ಬರೆಯಿರಿ; ಆಹಾರ ಕಡಿಮೆ ಮಾಡಿದ ಇಲಿಗಳಲ್ಲಿ ಈ ಆಕಳಿಕೆ ತಗ್ಗುವುದು ನಂತರದ ಪ್ರಯೋಗಗಳಲ್ಲಿ ಕಂಡಿದೆ.

ಒಂದೇ ಬದಿಗೆ ಸುತ್ತುವ ಇಲಿಯ ಪ್ರಯೋಗ ಯಾವುದು?

1970ರ ಸುಮಾರಿಗೆ ಸ್ವೀಡನ್ನಿನ ಉಂಗರ್‌ಸ್ಟೆಡ್ ರೂಪಿಸಿದ್ದು. 6-ಹೈಡ್ರಾಕ್ಸಿಡೋಪಮೈನ್ ಎಂಬ ವಿಷವನ್ನು ಮಿದುಳಿನ ಒಂದು ಪಕ್ಕಕ್ಕೆ ಮಾತ್ರ ಚುಚ್ಚಿ ಅಲ್ಲಿನ ಡೋಪಮೈನ್ ನರಕೋಶಗಳನ್ನು ನಾಶ ಮಾಡುತ್ತಾರೆ. ಡೋಪಮೈನ್ ಸಿಗದ ಆ ಪಕ್ಕದ ಗ್ರಾಹಕಗಳು ಕೆಲವು ವಾರಗಳಲ್ಲಿ ಅತಿಸೂಕ್ಷ್ಮವಾಗುತ್ತವೆ. ನೇರವಾಗಿ ಗ್ರಾಹಕದ ಮೇಲೆ ಕೂರುವ ಅಗೊನಿಸ್ಟ್ ಕೊಟ್ಟರೆ ಇಲಿ ಹಾನಿಯಾದ ಪಕ್ಕಕ್ಕೆ ಎದುರಾಗಿ ಸುತ್ತುತ್ತದೆ. ಉಳಿದ ನರಕೋಶಗಳಿಂದ ಡೋಪಮೈನ್ ಬಿಡಿಸುವ ಆಂಫೆಟಮಿನ್ ಕೊಟ್ಟರೆ ಹಾನಿಯ ಪಕ್ಕಕ್ಕೇ ಸುತ್ತುತ್ತದೆ. ಔಷಧ ನೇರವಾಗಿ ಕೆಲಸ ಮಾಡುತ್ತದೆಯೋ ಬಳಸುದಾರಿಯಲ್ಲೋ ಎಂಬುದು ಸುತ್ತುವ ದಿಕ್ಕಿನಲ್ಲೇ ಕಾಣುತ್ತದೆ.

ಹಾಸನ ಅಥವಾ ಚಿಕ್ಕಮಗಳೂರಿನ ಕಾಲೇಜಿನಲ್ಲಿ ಇಂಥ ಸಂಶೋಧನೆ ಸಾಧ್ಯವೇ?

ಕೆಲವಷ್ಟು ಸಾಧ್ಯ. ವಿಕಿರಣಶೀಲ ಗುರುತಿನ ಕೆಲಸಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಮತ್ತು ಅದಕ್ಕೆಂದೇ ಕಟ್ಟಿದ ಕೋಣೆ ಬೇಕು. ಅದು ನಮ್ಮಂಥ ಕಾಲೇಜುಗಳ ಕೈಗೆ ಎಟುಕುವುದಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಇರುವುದು ಇಲಿಯ ಓಡಾಟ ಎಣಿಸುವ ಆಕ್ಟೋಫೋಟೋಮೀಟರ್, ತಿರುಗುವ ಕೋಲಿನ ಮೇಲೆ ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುವ ರೋಟಾರಾಡ್, ಮತ್ತು ಹ್ಯಾಲೊಪೆರಿಡಾಲ್ ಕೊಟ್ಟು ಇಲಿಯನ್ನು ಮರಗಟ್ಟಿಸಿ, ಮುಂಗಾಲನ್ನು ಕಂಬಿಯ ಮೇಲಿಟ್ಟು ಎಷ್ಟು ಹೊತ್ತು ಹಾಗೇ ನಿಲ್ಲುತ್ತದೆ ಎಂದು ನೋಡುವ ಕ್ಯಾಟಲೆಪ್ಸಿ ಪರೀಕ್ಷೆ.

ಕ್ಯಾಟಲೆಪ್ಸಿ ಪರೀಕ್ಷೆಯನ್ನು ನಾವು ಬಹಳ ಸಲ ಅಗತ್ಯಕ್ಕಿಂತ ಹೆಚ್ಚು ನಂಬುತ್ತೇವೆ. ಯಾವುದೋ ಎಲೆಯ ಕಷಾಯ ಕೊಟ್ಟಾಗ ಇಲಿ ಬೇಗ ಕಾಲಿಳಿಸಿತು ಎಂದರೆ ಅದರಲ್ಲಿ ಡೋಪಮೈನ್ ಅಗೊನಿಸ್ಟ್ ಇದೆ ಎಂದು ಅರ್ಥವಲ್ಲ. ಅಸಿಟೈಲ್‌ಕೋಲಿನ್ ಎಂಬ ಬೇರೊಂದು ನರಸಂದೇಶವಾಹಕವನ್ನು ತಡೆಯುವ ಟ್ರೈಹೆಕ್ಸಿಫೆನಿಡಿಲ್ ಕೂಡ ಇಲಿಯ ಕಾಲಿಳಿಸುತ್ತದೆ. ಅದು ಡೋಪಮೈನ್ ಗ್ರಾಹಕದ ಅಗೊನಿಸ್ಟ್ ಅಲ್ಲ. ಈ ಪರೀಕ್ಷೆ ಆರಂಭದ ಜರಡಿ ಮಾತ್ರ. ಗ್ರಾಹಕದ ಹೆಸರು ಹೇಳಬೇಕಾದರೆ ಅಂಟುವಿಕೆಯ ಮಾಹಿತಿಯೋ, ಆಯ್ಕೆಯುಳ್ಳ ಆಂಟಾಗೊನಿಸ್ಟಿನಿಂದ ಪರಿಣಾಮ ಅಳಿಸಿದ ಪುರಾವೆಯೋ ಬೇಕು.

ಪ್ರಾಣಿಗಳ ಮೇಲೆ ಪ್ರಯೋಗಕ್ಕೆ ಯಾರ ಅನುಮತಿ ಬೇಕು?

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ರಚಿತವಾದ ಕೇಂದ್ರ ಸಮಿತಿಯಲ್ಲಿ ಸಂಸ್ಥೆ ನೋಂದಣಿಯಾಗಿರಬೇಕು, ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿ ಪ್ರಯೋಗದ ವಿವರವನ್ನು ಮೊದಲೇ ಒಪ್ಪಿರಬೇಕು. ಪ್ರಾಣಿಯ ಬದಲು ಬೇರೆ ವಿಧಾನ ಸಾಧ್ಯವೇ, ಕಡಿಮೆ ಪ್ರಾಣಿಗಳು ಸಾಕೇ, ನೋವು ತಗ್ಗಿಸಬಹುದೇ ಎಂಬ ಮೂರು ಪ್ರಶ್ನೆಗಳನ್ನು ಸಮಿತಿ ಕೇಳುತ್ತದೆ. ಸರಿಯಾಗಿ ಯೋಜಿಸದ ಪ್ರಯೋಗದಲ್ಲಿ ಸತ್ತ ಇಲಿ ಸುಮ್ಮನೆ ಸತ್ತಂತೆ. ಈ ಮಾತನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಈ ಔಷಧದಿಂದ ಇಲಿಗಳ ಕಣ್ಣಿಗೆ ಹಾನಿಯಾಯಿತು ಎಂದು ಮಾತ್ರೆಯ ಪಟ್ಟಿಯೊಳಗಿನ ಹಾಳೆಯಲ್ಲಿ ಓದಿದೆವು. ತಂದೆಯವರಿಗೆ ನಿಲ್ಲಿಸಬೇಕೇ?

ನಿಲ್ಲಿಸಬೇಡಿ. ಪ್ರಮಿಪೆಕ್ಸೋಲನ್ನು ಎರಡು ವರ್ಷ ಕೊಟ್ಟ ಬಿಳಿ ಇಲಿಗಳಲ್ಲಿ, ಅಂದರೆ ಹುಟ್ಟಿನಿಂದಲೇ ಕಣ್ಣಿನಲ್ಲಿ ಬಣ್ಣದ ಕಣಗಳಿಲ್ಲದ ಅಲ್ಬಿನೋ ಇಲಿಗಳಲ್ಲಿ, ಅಕ್ಷಿಪಟಲದ ಕೋಶಗಳು ಕ್ಷೀಣಿಸಿದ್ದು ನಿಜ. ಬಣ್ಣದ ಕಣ್ಣಿನ ಇಲಿಗಳು, ಅಲ್ಬಿನೋ ಚಿಟ್ಟಿಲಿಗಳು, ಕೋತಿಗಳು ಮತ್ತು ಚಿಕ್ಕ ತಳಿಯ ಹಂದಿಗಳಲ್ಲಿ ನೋಡಿದಾಗ ಅಂಥ ಬದಲಾವಣೆ ಕಾಣಲಿಲ್ಲ. ಕಂಡದ್ದನ್ನು ಮುಚ್ಚಿಡದೆ ಹಾಳೆಯಲ್ಲಿ ಬರೆದಿದ್ದಾರೆ, ಅದು ಒಳ್ಳೆಯದೇ. ದೃಷ್ಟಿಯಲ್ಲಿ ವ್ಯತ್ಯಾಸ ಅನಿಸಿದರೆ ವೈದ್ಯರಿಗೆ ಹೇಳಿ. ಈ ಬಗೆಯ ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ಆತಂಕ, ಬೆವರು, ಖಿನ್ನತೆ, ತೀವ್ರ ಬಳಲಿಕೆ ಕಾಣಿಸಬಹುದು. ಇಳಿಸುವುದಿದ್ದರೆ ವೈದ್ಯರೇ ಹಂತ ಹಂತವಾಗಿ ಇಳಿಸಬೇಕು. ಇನ್ನೊಂದು ಮಾತು: ಪ್ರಮಿಪೆಕ್ಸೋಲಿನ ಬಹುಭಾಗ ಬದಲಾಗದೆ ಮೂತ್ರದಲ್ಲೇ ಹೊರಹೋಗುತ್ತದೆ. ಹಿರಿಯರ ಮೂತ್ರಪಿಂಡ ದುರ್ಬಲವಾಗಿದ್ದರೆ ಅದೇ ಮಾತ್ರೆ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಇದನ್ನು ವೈದ್ಯರ ಗಮನಕ್ಕೆ ತನ್ನಿ.

ಪಾರ್ಕಿನ್ಸನ್‌ನಲ್ಲಿ ಆಗುವ ನರಕೋಶಗಳ ಸಾವನ್ನು ಪ್ರಮಿಪೆಕ್ಸೋಲ್ ತಡೆಯುತ್ತದೆಯೇ?

ಪ್ರಯೋಗಾಲಯ ಹೌದು ಎಂಬ ಆಸೆ ಹುಟ್ಟಿಸಿತ್ತು. ಕೋಶಗಳ ತಟ್ಟೆಯಲ್ಲಿ, ವಿಷ ಕೊಟ್ಟ ಪ್ರಾಣಿಗಳಲ್ಲಿ, ಪ್ರಮಿಪೆಕ್ಸೋಲ್ ನರಕೋಶಗಳನ್ನು ಕಾಪಾಡುವಂತೆ ಕಂಡಿತ್ತು. ಆದ್ದರಿಂದ ಹೊಸ ರೋಗಿಗಳಲ್ಲಿ ಅರ್ಧ ಜನರಿಗೆ ಕೂಡಲೇ, ಉಳಿದವರಿಗೆ ಕೆಲವು ತಿಂಗಳು ತಡವಾಗಿ ಔಷಧ ಆರಂಭಿಸುವ ಅಧ್ಯಯನ ನಡೆಯಿತು. ಔಷಧ ಕಾಯಿಲೆಯ ಓಟವನ್ನೇ ನಿಧಾನಿಸುವುದಾದರೆ ಮೊದಲು ಆರಂಭಿಸಿದವರು ಕೊನೆಗೂ ಮುಂದಿರಬೇಕಿತ್ತು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, 15 ತಿಂಗಳ ಕೊನೆಗೆ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ.

ಇದೇ ಅಣುವಿನ ಕನ್ನಡಿ ರೂಪವಾದ ಡೆಕ್ಸ್‌ಪ್ರಮಿಪೆಕ್ಸೋಲಿನ ಕಥೆಯೂ ಹೀಗೆಯೇ. ಎಡಗೈ ಬಲಗೈಯಂತೆ ತಿರುವುಮುರುವಾದ ಆ ರೂಪಕ್ಕೆ ಡೋಪಮೈನ್ ಗ್ರಾಹಕಗಳ ಮೇಲೆ ಒಲವು ಬಹಳ ಕಡಿಮೆ. ಹಾಗಾಗಿ ಗ್ರಾಹಕದ ತೊಂದರೆಯಿಲ್ಲದೆ ನರಕೋಶ ಉಳಿಸಬಹುದೆಂದು ಅದನ್ನು ಎಎಲ್‌ಎಸ್ ಎಂಬ ಸ್ನಾಯು ಕ್ಷೀಣಿಸುವ ನರರೋಗದಲ್ಲಿ ಪರೀಕ್ಷಿಸಿದರು. ಅಂತಿಮ ಹಂತದ ಪರೀಕ್ಷೆ ವಿಫಲವಾಯಿತು. ಹಾಗೆಂದು ಪ್ರಮಿಪೆಕ್ಸೋಲ್ ಮಾತ್ರೆ ವ್ಯರ್ಥವಲ್ಲ. ಅದು ಚಲನೆಯನ್ನು ಸುಗಮಗೊಳಿಸುತ್ತದೆ, ಲೆವೊಡೋಪಾದಿಂದ ಬರುವ ಅನೈಚ್ಛಿಕ ಕುಣಿತವನ್ನು ಮುಂದೂಡಲು ನೆರವಾಗುತ್ತದೆ. ಅದಕ್ಕಾಗಿಯೇ ಅದನ್ನು ಕೊಡುತ್ತಾರೆ.

ಮಾತ್ರೆ ಶುರುವಾದ ಮೇಲೆ ಮನೆಯ ಹಿರಿಯರು ಇಸ್ಪೀಟಿಗೆ, ಲಾಟರಿಗೆ ಹಣ ಸುರಿಯುತ್ತಿದ್ದಾರೆ. ಔಷಧಕ್ಕೂ ಇದಕ್ಕೂ ಸಂಬಂಧವಿದೆಯೇ?

ಇರಬಹುದು, ಮತ್ತು ಇದನ್ನು ನಾಚಿಕೆಯಿಂದ ಮುಚ್ಚಿಡಬಾರದು. ಅಮೆರಿಕ ಮತ್ತು ಕೆನಡಾದ 3,090 ರೋಗಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಗೊನಿಸ್ಟ್ ತೆಗೆದುಕೊಳ್ಳುವವರಲ್ಲಿ ಶೇ. 17.1 ಮಂದಿಗೆ ಜೂಜು, ಅತಿಯಾದ ಖರೀದಿ, ಅತಿಯಾದ ತಿನ್ನುವಿಕೆ, ಹತೋಟಿ ಮೀರಿದ ಲೈಂಗಿಕ ಬಯಕೆಗಳಲ್ಲಿ ಒಂದಾದರೂ ಇತ್ತು; ತೆಗೆದುಕೊಳ್ಳದವರಲ್ಲಿ ಶೇ. 6.9. ಡಿ3 ಗ್ರಾಹಕಗಳು ಕೈಕಾಲಿನ ಚಲನೆಯ ಭಾಗಕ್ಕಿಂತ, ಬಯಕೆ ಮತ್ತು ಸಂತೃಪ್ತಿಯನ್ನು ನಿಭಾಯಿಸುವ ಮಿದುಳಿನ ಕೆಳಭಾಗದಲ್ಲಿ ದಟ್ಟವಾಗಿವೆ ಎಂಬುದು ಇದಕ್ಕೆ ಪ್ರಯೋಗಾಲಯ ಕೊಡುವ ವಿವರಣೆಗಳಲ್ಲಿ ಒಂದು. ಅಪ್ಪ ಕೆಟ್ಟುಹೋದರು ಎಂದು ಜಗಳ ತೆಗೆಯುವ ಮೊದಲು ಅವರನ್ನು ನರರೋಗ ತಜ್ಞರ ಬಳಿ ಕರೆದೊಯ್ದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪ್ರಮಾಣ ಇಳಿಸಿದಾಗ ಬಹಳಷ್ಟು ಜನರಲ್ಲಿ ಇದು ತಗ್ಗುತ್ತದೆ.

ಡಿ1 ಅಗೊನಿಸ್ಟ್‌ಗಳ ಸಂಗತಿ ಏನಾಯಿತು?

ಎಸ್‌ಕೆಎಫ್-38393 ಎಂಬ ಡಿ1 ಅಗೊನಿಸ್ಟ್ ಪ್ರಯೋಗಾಲಯದ ಸಾಧನವಾಗಿಯೇ ಉಳಿಯಿತು. ಅದರ ಸಂಬಂಧಿ ಫೆನಾಲ್ಡೋಪಾಮ್ ಮಿದುಳಿಗೆ ಹೋಗುವುದಿಲ್ಲ. ಮೂತ್ರಪಿಂಡದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ 1997ರಲ್ಲಿ ಅಮೆರಿಕದಲ್ಲಿ ತೀವ್ರ ರಕ್ತದೊತ್ತಡಕ್ಕೆ ಮಂಜೂರಾಯಿತು.

‘ಸಂಶೋಧನೆಗೆ ಮಾತ್ರ’ ಎಂದು ಬರೆದ ಈ ಔಷಧಗಳ ಪುಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮಾತ್ರೆಯ ಬದಲು ಬಳಸಬಹುದೇ?

ಖಂಡಿತ ಬೇಡ. ಅದರ ಶುದ್ಧತೆಯನ್ನು ಮನುಷ್ಯರ ಬಳಕೆಗಾಗಿ ಪರೀಕ್ಷಿಸಿರುವುದಿಲ್ಲ. ಈ ಔಷಧಗಳಲ್ಲಿ ಆರಂಭದ ಪ್ರಮಾಣ ಮಿಲಿಗ್ರಾಮಿನ ಒಂದು ಭಾಗದಷ್ಟೇ. ಮನೆಯ ತಕ್ಕಡಿಯಲ್ಲಿ ಅದನ್ನು ತೂಗಲಾಗದು.

ನಸುಗುನ್ನಿ ಬೀಜವೂ ಡೋಪಮೈನ್ ಅಗೊನಿಸ್ಟ್ ಅಲ್ಲವೇ?

ಅಲ್ಲ. ಮೈಗೆ ತಾಗಿದರೆ ತುರಿಸುವ ಆ ಬಳ್ಳಿಯ ಬೀಜದಲ್ಲಿ ಇರುವುದು ಲೆವೊಡೋಪಾ. ಅದನ್ನು 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿ ತೋರಿಸಿದರು. ದೇಹದಲ್ಲಿ ಅದು ಡೋಪಮೈನ್ ಆಗಿ ಐದೂ ಗ್ರಾಹಕಗಳನ್ನು ಮುಟ್ಟುತ್ತದೆ. ಆಯ್ಕೆಯ ಮಾತೇ ಇಲ್ಲ. ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುತ್ತದೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರು ಅದರ ಜೊತೆ ಬೀಜದ ಪುಡಿ ಸೇರಿಸಿದರೆ ವೈದ್ಯರು ಹಾಕಿದ ಲೆಕ್ಕವೇ ತಪ್ಪುತ್ತದೆ, ರಕ್ತದೊತ್ತಡ ಕುಸಿದು ಬೀಳಬಹುದು. ಆಯುರ್ವೇದ ವೈದ್ಯರ ಬಳಿ ಹೋಗುವುದಿದ್ದರೆ ಇಬ್ಬರಿಗೂ ಇಬ್ಬರ ಚೀಟಿಯನ್ನು ತೋರಿಸಿ.

ನಾವು ಕಾಫಿ ಬೆಳೆಗಾರರು, ದಿನಕ್ಕೆ ನಾಲ್ಕು ಲೋಟ ಕುಡಿಯುತ್ತೇವೆ. ಕಾಫಿಗೂ ಡೋಪಮೈನಿಗೂ ನಂಟಿದೆಯೇ?

ಇದೆ, ಆದರೆ ಪಕ್ಕದ ಬಾಗಿಲಿನಿಂದ. ಕೆಫೀನ್ ಡೋಪಮೈನ್ ಗ್ರಾಹಕದ ಮೇಲೆ ಕೂರುವುದಿಲ್ಲ. ಅಡಿನೋಸಿನ್ ಎಂಬ ಇನ್ನೊಂದು ವಸ್ತುವಿನ ಎ2ಎ ಗ್ರಾಹಕವನ್ನು ತಡೆಯುತ್ತದೆ. ಮಿದುಳಿನ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಎ2ಎ ಮತ್ತು ಡಿ2 ಒಂದೇ ನರಕೋಶಗಳ ಮೇಲೆ ಅಕ್ಕಪಕ್ಕದಲ್ಲಿದ್ದು, ಒಂದು ಏರಿಸಿದ್ದನ್ನು ಇನ್ನೊಂದು ಇಳಿಸುತ್ತದೆ. ಎ2ಎ ತಡೆದರೆ ಡಿ2ವಿನ ಕೈ ಮೇಲಾಗುತ್ತದೆ. ಈ ತಿಳಿವಳಿಕೆಯಿಂದಲೇ ಹುಟ್ಟಿದ ಇಸ್ಟ್ರಡೆಫಿಲಿನ್ ಎಂಬ ಔಷಧ 2013ರಲ್ಲಿ ಜಪಾನಿನಲ್ಲಿ, 2019ರಲ್ಲಿ ಅಮೆರಿಕದಲ್ಲಿ, ಲೆವೊಡೋಪಾ ಜೊತೆ ಕೊಡಲು ಮಂಜೂರಾಯಿತು. ಹವಾಯಿಯ ಹೊನೊಲುಲುವಿನಲ್ಲಿ ಗಂಡಸರನ್ನು ದಶಕಗಳ ಕಾಲ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಫಿ ಹೆಚ್ಚು ಕುಡಿಯುವವರಲ್ಲಿ ಪಾರ್ಕಿನ್ಸನ್ ಕಡಿಮೆ ಕಂಡಿತ್ತು. ಅದು ಒಟ್ಟಿಗೆ ಕಂಡ ಸಂಗತಿ, ಕಾಫಿಯೇ ಕಾರಣ ಎಂಬುದಕ್ಕೆ ಪುರಾವೆಯಲ್ಲ. ಕಾಯಿಲೆ ಬಂದ ಮೇಲೆ ಕೆಫೀನ್ ಮಾತ್ರೆ ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಯಲ್ಲಿ ಚಲನೆಯ ತೊಂದರೆಗೆ ಪ್ರಯೋಜನ ಕಾಣಲಿಲ್ಲ. ತಂದೆಯವರು ಬೆಳಗಿನ ಲೋಟ ಬಿಡಬೇಕಿಲ್ಲ, ಮಾತ್ರೆಯ ಬದಲಿಗೆ ಇನ್ನೊಂದು ಲೋಟ ಕುಡಿಯಲೂಬಾರದು.